ಏಳೂವರೆ ಪೌಂಡಿನೊಳಗೆ: ಸೆಮಿ-ಆಟೊಮ್ಯಾಟಿಕ್ ಪಾಯಿಂಟ್ 22 ಆರಿಸಿಕೊಂಡ ನನ್ನ ಅನುಭವ

ಗುರಿ ಸ್ಪರ್ಧೆಗೆಂದು ನಾನು ಕೊಂಡ ಮೊದಲ ಪಾಯಿಂಟ್ 22, ಅಂದರೆ ಸುಮಾರು 0.22 ಅಂಗುಲ ದಪ್ಪದ ಸಣ್ಣ ಗುಂಡಿನ ರೈಫಲ್, ಬಹಳ ನಿಖರವಾಗಿತ್ತು, ಆದರೆ ಅದನ್ನು ಹಿಡಿದುಕೊಂಡು ಸ್ಪರ್ಧೆಯ ಸಾಲಿನಲ್ಲಿ ನಿಲ್ಲುವ ಹಾಗಿರಲಿಲ್ಲ. ಎರಡನೆಯದನ್ನು ಕೊಳ್ಳುವಾಗ ಮಾತ್ರ ನಿಯಮದ ಪುಸ್ತಕವನ್ನು ಮೊದಲು ಓದಿ, ಆಮೇಲೆ ಅಂಗಡಿಗೆ ಹೋದೆ. ಈ ಎರಡು ಖರೀದಿಗಳ ನಡುವೆ ಕಲಿತದ್ದನ್ನು, ಅಮೆರಿಕದಲ್ಲಿದ್ದುಕೊಂಡು ಈ ಹವ್ಯಾಸಕ್ಕೆ ಇಳಿಯಬೇಕೆಂದಿರುವ ಕನ್ನಡಿಗರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇರುವ ಊರಿನಲ್ಲಿ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತ ಬೆಳೆದವನಿಗೆ, ಬಂದೂಕಿಗೆ ಸಂಬಂಧಿಸಿದ ಕಾಗದಪತ್ರ ದೊಡ್ಡ ಸಂಗತಿಯೆಂದು ಅನ್ನಿಸಿರಲಿಲ್ಲ. ಒಹಾಯೊಗೆ ಬಂದ ಮೇಲೆ ತಿಳಿದದ್ದೇನೆಂದರೆ, ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇರುವವರಿಗೆ ಸಿಗುವಂಥ ಕೆಲವೇ ವಿನಾಯಿತಿಗಳಿವೆ. ನಾನು ಆ ವಿನಾಯಿತಿಯ ದಾರಿ ಹಿಡಿಯದೆ ಗ್ರೀನ್ ಕಾರ್ಡ್ ಬರುವವರೆಗೂ ಕಾದೆ. ಅನಂತರ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಬಂದೂಕು ಕೊಳ್ಳುವವರು ತುಂಬಬೇಕಾದ 4473 ಎಂಬ ಫೆಡರಲ್ ನಮೂನೆ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ರೈಫಲ್ ಪಡೆಯುವುದು ಸರಳವಾಗಿಯೇ ಇತ್ತು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುವುದರಿಂದ ಈ ಸರಳತೆಯನ್ನು ಎಲ್ಲ ಕಡೆ ನಿರೀಕ್ಷಿಸುವಂತಿಲ್ಲ.

ನನ್ನ ಕಣ್ಣಿದ್ದದ್ದು ನಾಗರಿಕರಿಗೆ ಗುರಿಯ ಪಂದ್ಯಗಳನ್ನು ಏರ್ಪಡಿಸುವ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಸಂಸ್ಥೆ ನಡೆಸುವ ರಿಮ್‌ಫೈರ್ ಸ್ಪೋರ್ಟರ್ ಸ್ಪರ್ಧೆಯ ಮೇಲೆ. ರಿಮ್‌ಫೈರ್ ಅಂದರೆ ಬುಡದ ಅಂಚಿಗೆ ಪಿನ್ನು ಬಡಿದಾಗ ಸಿಡಿಯುವ ತೋಟಾ, ಪಾಯಿಂಟ್ 22 ಅಂಥದ್ದು. ಇರೀ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿ ಬೇಸಿಗೆಯ ರಾಷ್ಟ್ರೀಯ ಪಂದ್ಯಗಳ ಜೊತೆಗೆ ಇದೂ ನಡೆಯುತ್ತದೆ. ನಮ್ಮ ಊರಿನ ಕ್ಲಬ್ಬಿನಲ್ಲೂ ಅದೇ ನಿಯಮದ ಸಣ್ಣ ಪಂದ್ಯಗಳಿವೆ. ಒಟ್ಟು 60 ಈಡು, 600 ಅಂಕ. 50 ಗಜದಲ್ಲಿ ಮಲಗಿ, ಆಮೇಲೆ ಕುಳಿತು ಅಥವಾ ಮಂಡಿಯೂರಿ, ಕೊನೆಗೆ 25 ಗಜದಲ್ಲಿ ನಿಂತು ಹೊಡೆಯಬೇಕು. ಪ್ರತಿ ಭಂಗಿಯಲ್ಲೂ ಮೊದಲು 10 ನಿಮಿಷದಲ್ಲಿ 10 ಈಡು, ಆಮೇಲೆ ಐದೈದರಂತೆ ಎರಡು ಸುತ್ತು ವೇಗದ ಈಡು. ಈ ವೇಗದ ಸುತ್ತಿಗೆ ಸೆಮಿ-ಆಟೊಮ್ಯಾಟಿಕ್‌ಗೆ 25 ಸೆಕೆಂಡು, ತೋಟಾವನ್ನು ನಳಿಗೆಗೆ ಏರಿಸುವ ಬೋಲ್ಟನ್ನು ಪ್ರತಿ ಈಡಿಗೂ ಕೈಯಿಂದ ಎಳೆಯುವ ರೈಫಲ್‌ಗೆ 30 ಸೆಕೆಂಡು.

ಐದು ಸೆಕೆಂಡು ಹೆಚ್ಚು ಸಿಗುವಾಗ ಬೋಲ್ಟ್ ರೈಫಲ್ಲೇ ಮೇಲಲ್ಲವೇ ಎಂದು ನಾನೂ ಲೆಕ್ಕ ಹಾಕಿದ್ದೆ. ಕ್ಲಬ್ಬಿನ ಹಿರಿಯರೊಬ್ಬರು ತಮ್ಮ ಎರಡೂ ಬಗೆಯ ರೈಫಲ್‌ಗಳನ್ನು ಕೊಟ್ಟು ಕುಳಿತ ಭಂಗಿಯಲ್ಲಿ ಹೊಡೆಯಿಸಿದಾಗ ಆ ಲೆಕ್ಕ ತಪ್ಪೆಂದು ಗೊತ್ತಾಯಿತು. ಬೋಲ್ಟ್ ಎಳೆಯುವಾಗ ಬಲಗೈ ಹಿಡಿಯನ್ನು ಬಿಡುತ್ತದೆ, ಕೆನ್ನೆ ರೈಫಲ್ಲಿನ ಮರದ ಹಿಂಬದಿಯಿಂದ ಏಳುತ್ತದೆ, ಮೊಣಕೈ ಮಂಡಿಯಿಂದ ಜಾರುತ್ತದೆ. ಪ್ರತಿ ಈಡಿಗೂ ಭಂಗಿಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ಸೆಮಿ-ಆಟೊಮ್ಯಾಟಿಕ್‌ನಲ್ಲಿಯೂ ಒಂದು ಸಲಕ್ಕೆ ಒಂದೇ ಈಡು ಹಾರುವುದು, ಆದರೆ ಮುಂದಿನ ತೋಟಾ ತಾನಾಗಿ ಏರುವುದರಿಂದ ದೇಹ ಅಲುಗಾಡಬೇಕಿಲ್ಲ. ನನ್ನ ಮಟ್ಟದವನಿಗೆ ಆ ಸ್ಥಿರತೆ ಐದು ಸೆಕೆಂಡಿಗಿಂತ ಬೆಲೆಯುಳ್ಳದ್ದು.

ಇಷ್ಟು ಸರಿಯಾಗಿ ಯೋಚಿಸಿದವನು ಮುಂದೆ ಎಡವಿದ್ದು ನಳಿಗೆಯ ದಪ್ಪದಲ್ಲಿ. 1964ರಿಂದ ಮಾರುಕಟ್ಟೆಯಲ್ಲಿರುವ ರೂಗರ್ 10/22ರಲ್ಲಿ ದಪ್ಪ ನಳಿಗೆಯ ಟಾರ್ಗೆಟ್ ಮಾದರಿಯೊಂದಿದೆ. ಹೆಸರಿನಲ್ಲೇ ಟಾರ್ಗೆಟ್ ಇದೆಯಲ್ಲ ಎಂದು ಅದನ್ನೇ ಕೊಂಡೆ. ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ ಹೊಡೆದಾಗ ಗುಂಡುಗಳು ಒಂದರ ಪಕ್ಕದಲ್ಲೊಂದು ಬಿದ್ದವು. ಆದರೆ ರಿಮ್‌ಫೈರ್ ಸ್ಪೋರ್ಟರ್‌ನಲ್ಲಿ ರೈಫಲ್ಲಿನ ತೂಕ, ದುರ್ಬೀನು ಸೇರಿ, 7.5 ಪೌಂಡ್ ಮೀರುವಂತಿಲ್ಲ. ಆ ಮಾದರಿ ದುರ್ಬೀನಿಲ್ಲದೆಯೇ ಅಷ್ಟು ತೂಗುತ್ತದೆ. ತೂಕದ ಮೇಜಿನ ಬಳಿ ಅದನ್ನು ಹಿಂದಕ್ಕೆ ಕೊಟ್ಟಾಗ ನನಗಾದ ಮುಜುಗರವನ್ನು ವಿವರಿಸುವುದಿಲ್ಲ. ಸ್ವಲ್ಪ ನಷ್ಟಕ್ಕೆ ಅದನ್ನು ವ್ಯಾಪಾರಿಗೇ ಮಾರಿದೆ.

ಎರಡನೆಯ ಸಲ ಮೂರು ಬಗೆಗಳನ್ನು ನೋಡಿದೆ. ಮಾರ್ಲಿನ್ ಮಾಡೆಲ್ 60 ಹಗುರವಾದ, ಒಳ್ಳೆಯ ನಳಿಗೆಯ ರೈಫಲ್. ಹಳೆಯದಾಗಿ ಅಗ್ಗಕ್ಕೂ ಸಿಗುತ್ತದೆ. ಆದರೆ ನಳಿಗೆಯ ಕೆಳಗಿನ ಕೊಳವೆಗೆ ತೋಟಾಗಳನ್ನು ಒಂದೊಂದಾಗಿ ಇಳಿಬಿಡಬೇಕು, ಸುತ್ತಿನ ಮಧ್ಯೆ ಏನಾದರೂ ಸಿಕ್ಕಿಕೊಂಡರೆ ಮ್ಯಾಗಜಿನ್ ಕಳಚಿ ನೋಡುವ ಅನುಕೂಲವಿಲ್ಲ. ಎಆರ್ ಆಕಾರದ, ಅಂದರೆ ಸೈನ್ಯದ ರೈಫಲ್ಲಿನಂತೆ ಕಾಣುವ ಪಾಯಿಂಟ್ 22 ರೈಫಲ್‌ಗಳಿಗೆ ಬೇರೆಯೇ ವರ್ಗವಿದೆ. ಅದರ ಹಿಡಿ ನನ್ನ ಕೈಗೆ ಒಗ್ಗಲಿಲ್ಲ. ಕೊನೆಗೆ ಉಳಿದದ್ದು 10/22ರ ಸಾಧಾರಣ ಕಾರ್ಬೈನ್, ಅಂದರೆ ಗಿಡ್ಡ ಹಗುರ ಮಾದರಿ: 18.5 ಅಂಗುಲದ ತೆಳು ನಳಿಗೆ, ಸುಮಾರು ಐದು ಪೌಂಡ್, ಕಳಚಿ ಹಾಕುವ ಹತ್ತು ತೋಟಾಗಳ ಚಕ್ರಾಕಾರದ ಮ್ಯಾಗಜಿನ್. ದುರ್ಬೀನು ಕೂಡಿಸಿದರೂ ತೂಕದ ಮಿತಿಗೆ ಇನ್ನೂ ಒಂದು ಪೌಂಡಿಗಿಂತ ಹೆಚ್ಚು ಉಳಿಯುತ್ತದೆ. ಅಂಗಡಿಯವರು ಇದನ್ನು ಅಳಿಲು ಹೊಡೆಯುವ ರೈಫಲ್ ಎಂದು ತುಸು ಹಗುರವಾಗಿಯೇ ತೋರಿಸಿದ್ದರು.

ಕಾರ್ಖಾನೆಯಿಂದ ಬಂದ ಟ್ರಿಗರ್ ಮಾತ್ರ ನಿಜಕ್ಕೂ ಕೆಟ್ಟದಾಗಿತ್ತು: ಅಳೆದಾಗ ಆರು ಪೌಂಡಿನ ಹತ್ತಿರ, ಅಂದರೆ ರೈಫಲ್ಲಿನ ತೂಕಕ್ಕಿಂತ ಟ್ರಿಗರ್ ಎಳೆಯುವ ಬಲವೇ ಹೆಚ್ಚು. ಅದೇ ಕಂಪನಿ ಮಾರುವ ಬಿಎಕ್ಸ್ ಟ್ರಿಗರ್ ಹಾಕಿಸಿದರೆ ಸಾಕೆಂದು ಹಲವರು ಹೇಳಿದರು. ಅದರ ಎಳೆತ ಸುಮಾರು 2.75 ಪೌಂಡ್ ಎಂದು ತಯಾರಕರೇ ಹೇಳುತ್ತಾರೆ, ಸ್ಪರ್ಧೆಯ ನಿಯಮ ಕೇಳುವುದು ಕನಿಷ್ಠ 3 ಪೌಂಡ್. ಒಂದು ಸಲ ತೂಕದ ಮೇಜಿನಿಂದ ಹಿಂದಿರುಗಿದವನಿಗೆ ಇನ್ನೊಂದು ಪ್ರಯೋಗದ ಆಸೆ ಇರಲಿಲ್ಲ. ಬಂದೂಕು ರಿಪೇರಿ ಮಾಡುವ ಅನುಭವಿಯೊಬ್ಬರಿಂದ ಮೂರೂಕಾಲು ಪೌಂಡಿಗೆ ಹೊಂದಿಸಿಕೊಂಡೆ. ದಿನ ಕಳೆದಂತೆ ಸ್ಪ್ರಿಂಗ್ ಸಡಿಲವಾಗುವುದರಿಂದ ಆ ಕಾಲು ಪೌಂಡು ಇರಲೇಬೇಕು.

ದುರ್ಬೀನಿಗೆ 6 ಪಟ್ಟು ಮಿತಿ. ನನ್ನ ಹತ್ತಿರ ಆಗಲೇ ಒಂದು ದುರ್ಬೀನಿತ್ತು, ಆದರೆ ಅದು ದೊಡ್ಡ ರೈಫಲ್‌ಗಳಿಗೆಂದು 100 ಗಜಕ್ಕೆ ಹೊಂದಿಸಿದ್ದು. 25 ಗಜದಲ್ಲಿ ಕಣ್ಣು ಸ್ವಲ್ಪ ಸರಿದರೂ ಗುರಿಗೆರೆ ಗುರಿಹಲಗೆಯ ಮೇಲೆ ತೇಲಿದಂತೆ ಕಾಣುತ್ತಿತ್ತು. ರಿಮ್‌ಫೈರ್‌ಗೆಂದೇ 50 ಗಜಕ್ಕೆ ಹೊಂದಿಸಿದ 4 ಪಟ್ಟಿನ ಸಾಧಾರಣ ದುರ್ಬೀನು ಅದಕ್ಕಿಂತ ಎಷ್ಟೋ ವಾಸಿ.

ಹಣವನ್ನೂ ಸಮಯವನ್ನೂ ನಿಜವಾಗಿ ಬೇಡಿದ್ದು ತೋಟಾಗಳ ಪರೀಕ್ಷೆ. ಆರು ಬಗೆಯ ತೋಟಾಗಳನ್ನು ಒಂದೊಂದು ಪೆಟ್ಟಿಗೆ ತಂದು, 50 ಗಜದಲ್ಲಿ ಹತ್ತು ಹತ್ತು ಈಡಿನ ಗುಂಪುಗಳನ್ನು ಹೊಡೆದೆ. ಐದು ಈಡಿನ ಗುಂಪು ಅದೃಷ್ಟಕ್ಕೆ ತೀರಾ ಹೆಚ್ಚು ಅವಕಾಶ ಕೊಡುತ್ತದೆ. ಪ್ರತಿ ಬಗೆಗೂ ಮೊದಲಿನ ಹತ್ತು ಈಡುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಏಕೆಂದರೆ ಹಿಂದಿನ ತೋಟಾದ ಮೇಣ ನಳಿಗೆಯಿಂದ ಹೋಗಿ ಹೊಸದರದ್ದು ಕೂರಬೇಕು. ಸೆಕೆಂಡಿಗೆ 1235 ಅಡಿ ವೇಗದ ತೋಟಾಗಳು ಒಂದೂ ಸಿಕ್ಕಿಕೊಳ್ಳದೆ ಓಡಿದವು, ಆದರೆ ಗುಂಪು ಎರಡೂವರೆ ಅಂಗುಲದಷ್ಟು ಹರಡಿತು. ಆ ಗುಂಡು 50 ಗಜ ತಲುಪುವಷ್ಟರಲ್ಲಿ ಶಬ್ದದ ವೇಗದ ಆಸುಪಾಸಿಗೆ ಇಳಿಯುತ್ತದೆ, ಆ ಗಡಿಯಲ್ಲಿ ಗುಂಡಿನ ಓಟ ಕದಡುತ್ತದೆ. 1070 ಅಡಿಯ ಸ್ಟ್ಯಾಂಡರ್ಡ್ ವೆಲಾಸಿಟಿ ತೋಟಾ ಮೊದಲಿನಿಂದಲೂ ಶಬ್ದಕ್ಕಿಂತ ನಿಧಾನ. ಅದರ ಗುಂಪು ಒಂದೂಕಾಲು ಅಂಗುಲ. ಗುರಿಹಲಗೆಯ ಹತ್ತರ ವೃತ್ತ ಸುಮಾರು 1.8 ಅಂಗುಲ, ಹಾಗಾಗಿ ತೆಳು ನಳಿಗೆಯಿಂದ ನನಗೆ ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ. ಅತ್ಯಂತ ದುಬಾರಿಯಾದ ಪಂದ್ಯದ ತೋಟಾ ಇನ್ನೂ ಚಿಕ್ಕ ಗುಂಪು ಕೊಟ್ಟರೂ ಬೋಲ್ಟನ್ನು ಪೂರ್ತಿ ಹಿಂದಕ್ಕೆ ತಳ್ಳುವ ಶಕ್ತಿ ಸಾಲದೆ ಇಪ್ಪತ್ತು ಈಡಿಗೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. 25 ಸೆಕೆಂಡಿನ ಸುತ್ತಿನಲ್ಲಿ ಒಮ್ಮೆ ಸಿಕ್ಕಿಕೊಂಡರೆ ಎರಡು ಈಡು ಹೋದಂತೆಯೇ.

ಸಾವಿರದ ಲೆಕ್ಕದಲ್ಲಿ ಅಗ್ಗಕ್ಕೆ ಬರುವ ತೋಟಾಗಳನ್ನು ಅಭ್ಯಾಸಕ್ಕೂ ಬಿಟ್ಟುಬಿಟ್ಟೆ. ರಿಮ್‌ಫೈರ್ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ಅಂಚಿನೊಳಗೆ ಸುತ್ತಲೂ ಹರಡಿರಬೇಕು. ಒಂದು ಕಡೆ ಅದು ಕಡಿಮೆ ಬಿದ್ದಿದ್ದು, ಪಿನ್ನು ಅಲ್ಲಿಯೇ ಬಡಿದರೆ ಈಡು ಹಾರುವುದಿಲ್ಲ. ಹಾಗೆ ಹಾರದ ತೋಟಾ ತಡವಾಗಿಯಾದರೂ ಸಿಡಿಯಬಹುದಾದ್ದರಿಂದ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು, ಅಷ್ಟರಲ್ಲಿ ಸುತ್ತು ಮುಗಿದಿರುತ್ತದೆ.

ಈ ರೈಫಲ್ಲಿನ ಎರಡು ಕಿರಿಕಿರಿಗಳನ್ನೂ ಹೇಳಬೇಕು. ಕೊನೆಯ ಈಡಾದ ಮೇಲೆ ಬೋಲ್ಟ್ ತೆರೆದು ನಿಲ್ಲುವುದಿಲ್ಲ. ಹಾಗಾಗಿ ಮ್ಯಾಗಜಿನ್ ತೆಗೆದು, ಬೋಲ್ಟನ್ನು ಕೈಯಿಂದ ಹಿಂದಕ್ಕೆ ಎಳೆದು ನಿಲ್ಲಿಸಿ, ಒಳಗೆ ಕಣ್ಣಿಟ್ಟು ನೋಡಿ, ಕಿತ್ತಳೆ ಬಣ್ಣದ ಸುರಕ್ಷತಾ ಬಾವುಟ ತೂರಿಸುವುದನ್ನು ಯೋಚಿಸದೆಯೇ ಕೈ ತಾನಾಗಿ ಮಾಡುವಷ್ಟು ರೂಢಿಸಿಕೊಂಡೆ. ಇನ್ನೊಂದು, ಬೋಲ್ಟ್ ಓಡಾಡುವ ಲೋಹದ ಗೂಡಿನ (ರಿಸೀವರ್) ಹಿಂಭಾಗ ಮುಚ್ಚಿರುವುದರಿಂದ ಸರಳನ್ನು ಹಿಂದಿನಿಂದ ಹಾಕಿ ನಳಿಗೆ ಶುಚಿ ಮಾಡಲಾಗದು. ಮುಂದಿನಿಂದ ಸರಳು ಹಾಕಿ ನಳಿಗೆಯ ಬಾಯಿ ಸವೆಸುವ ಬದಲು, ಹಿಂದಿನಿಂದ ಮುಂದಕ್ಕೆ ಎಳೆಯುವ ದಾರದ ಬ್ರಷ್ ಬಳಸುತ್ತೇನೆ. ಬೋಲ್ಟಿನ ಮುಖದ ಮಸಿಯನ್ನು ಪ್ರತಿ ಪಂದ್ಯದ ನಂತರ ಒರೆಸುತ್ತೇನೆ, ನಳಿಗೆಯನ್ನು ಮಾತ್ರ ಗುಂಪು ಹರಡಲು ಶುರುವಾಗುವವರೆಗೆ ಮುಟ್ಟುವುದಿಲ್ಲ.

ನಾಲ್ಕು ಮ್ಯಾಗಜಿನ್‌ಗಳಿಗೆ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದಿಟ್ಟಿದ್ದೇನೆ. ಕಳೆದ ಪಂದ್ಯದಲ್ಲಿ ಎರಡು ಸಲ ತೋಟಾ ಏರದೆ ನಿಂತದ್ದು ಮೂರನೆಯ ಸಂಖ್ಯೆಯದ್ದರಲ್ಲೇ ಆದ್ದರಿಂದ, ಅದು ಈಗ ಅಭ್ಯಾಸದ ಚೀಲ ಸೇರಿದೆ.