ಡೋರ್ ಸ್ಪೀಕರ್‌ಗೆ ಆಂಪ್ ಹೊಂದಿಸುವುದು

ಹಳೇ ಕಾರಿಗೆ ಆಂಪ್ (ಸ್ಟೀರಿಯೋ ಸಿಗ್ನಲ್‌ಗೆ ಬಲ ಕೊಡುವ ಆಂಪ್ಲಿಫೈಯರ್) ಹಾಕಿದ ದಿನ ಅದರ ಗೇನ್ ಗುಂಡಿ ಪೂರ್ತಿ ತಿರುಗಿಸಿಟ್ಟೆ. ಅದೂ ವಾಲ್ಯೂಮೇ ಅಲ್ವಾ ಅಂದುಕೊಂಡಿದ್ದೆ! ಅದು ಸ್ಟೀರಿಯೋದಿಂದ ಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ಗುಂಡಿ. ಎಡಬಾಗಿಲಿನ ಸ್ಪೀಕರ್ ವಾರದಲ್ಲೇ ಸುಟ್ಟುಹೋಯಿತು.

ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲಿ. ಸ್ಟೀರಿಯೋದಿಂದ ಆಂಪ್‌ಗೆ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಪವರ್ ವೈರ್‌ನಿಂದ ದೂರ, ಕಾರಿನ ಇನ್ನೊಂದು ಬದಿಯಲ್ಲಿ ಎಳೆಯಿರಿ. ತೀರಾ ಕೆಳಗಿನ ಬಾಸ್ ತಡೆಯುವ ಹೈಪಾಸ್ ಫಿಲ್ಟರ್ 80 ಹರ್ಟ್ಸ್‌ಗೆ ಇಡಿ. ಬಾಸ್ ಬೂಸ್ಟ್ ಸೊನ್ನೆ. ಅದರ ಆಸೆ ಬಿಡಿ.

ಗೇನ್‌ಗೆ ಮಲ್ಟಿಮೀಟರ್ ಬೇಕು. ಸ್ಪೀಕರ್ ವೈರ್ ಬಿಚ್ಚಿ, ಗೇನ್ ಪೂರ್ತಿ ಇಳಿಸಿ. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ, 400 ಹರ್ಟ್ಸ್ ಟೋನ್ (ಒಂದೇ ಸ್ವರದ ಪರೀಕ್ಷಾ ಧ್ವನಿ) ಹಾಕಿ. 1000 ಹರ್ಟ್ಸ್‌ನಲ್ಲಿ ಅಗ್ಗದ ಮೀಟರ್ ತಪ್ಪು ಹೇಳುವುದುಂಟು. ಮೀಟರ್ ಎಸಿ ವೋಲ್ಟ್‌ನಲ್ಲಿರಲಿ, ಅದರ ಕಡ್ಡಿಗಳು ಆಂಪ್‌ನ ಸ್ಪೀಕರ್ ಟರ್ಮಿನಲ್‌ಗಳ ಮೇಲಿರಲಿ. ಆರ್‌ಎಂಎಸ್ ವ್ಯಾಟನ್ನು (ನಿರಂತರವಾಗಿ ಕೊಡಬಲ್ಲ ಶಕ್ತಿ) ಸ್ಪೀಕರ್‌ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ, ಅದೇ ಗುರಿಯ ವೋಲ್ಟ್. ನನ್ನದು 50 ವ್ಯಾಟ್, 4 ಓಮ್, ಸುಮಾರು 14.1 ವೋಲ್ಟ್. ಗೇನ್ ನಿಧಾನವಾಗಿ ಏರಿಸುತ್ತಾ ಹೋಗಿ, ಅಷ್ಟು ತೋರಿಸಿದ ಕೂಡಲೇ ಕೈ ತೆಗೆಯಿರಿ.