ಸಿಹಿ ಪಾನೀಯದ ಪುಡಿಗಳು: ರಕ್ತದ ಸಕ್ಕರೆ ಯಾವುದರಿಂದ ಎಷ್ಟು ಏರುತ್ತದೆ ಎಂದು ಹೋಲಿಸುವ ಬಗೆ

ಮೊದಲು ಡಬ್ಬಿಯನ್ನು ಹಿಂದೆ ತಿರುಗಿಸಿ. ಮುಂದಿರುವುದೆಲ್ಲ ಜಾಹೀರಾತು. ‘ಹೆಲ್ತ್ ಡ್ರಿಂಕ್’ ಎಂಬ ವರ್ಗ 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಬೋರ್ನ್‌ವಿಟಾದಂಥ ಪುಡಿಗಳನ್ನು ಆ ಪಟ್ಟಿಯಿಂದ ತೆಗೆಯಿರಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿದ್ದೂ ಇದೇ ಕಾರಣಕ್ಕೆ.

ಹಿಂಬದಿಯ ಪಟ್ಟಿಯಲ್ಲಿ ‘100 ಗ್ರಾಂಗೆ’ ಎಂಬ ಸಾಲನ್ನು ಮಾತ್ರ ನೋಡಿ. ‘ಒಂದು ಬಾರಿಗೆ’ ಎಂಬುದನ್ನು ಒಂದೊಂದು ಕಂಪನಿ ಒಂದೊಂದು ತೂಕಕ್ಕೆ ಲೆಕ್ಕ ಹಾಕುತ್ತದೆ, ಅದರಿಂದ ಹೋಲಿಕೆ ಆಗದು. ಬಹಳ ಜನ ‘ಸೇರಿಸಿದ ಸಕ್ಕರೆ’ ಕಡಿಮೆಯಿರುವ ಡಬ್ಬಿ ಆರಿಸಿ ನಿಶ್ಚಿಂತರಾಗುತ್ತಾರೆ. ಮೋಸ ಹೋಗುವುದು ಇಲ್ಲೇ. ಮಾಲ್ಟೋಡೆಕ್ಸ್‌ಟ್ರಿನ್ ಎಂಬ, ಪಿಷ್ಟ ಒಡೆದು ಮಾಡಿದ ಪುಡಿ ಬಹುಪಾಲು ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ, ಕಾರ್ಬೋಹೈಡ್ರೇಟ್ ಲೆಕ್ಕದಲ್ಲಿ ಅಡಗಿ ಕೂತಿರುತ್ತದೆ. ರಕ್ತಕ್ಕೆ ಇಳಿಯುವ ವೇಗದಲ್ಲಿ ಅದು ಗ್ಲೂಕೋಸ್‌ಗೆ ಹತ್ತಿರ. ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಹೇಳುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಗ್ಲೂಕೋಸ್ 100 ಎಂದಿಟ್ಟರೆ ಅಡುಗೆಮನೆಯ ಸಕ್ಕರೆ ಸುಮಾರು 65. ಅಂದರೆ ‘ಸಕ್ಕರೆ ಸೇರಿಸಿಲ್ಲ’ ಎಂಬ ಪುಡಿ ಸಕ್ಕರೆಯದ್ದಕ್ಕಿಂತ ಬೇಗ ಏರಿಸಬಹುದು. ‘ಬೆಲ್ಲದ್ದು’ ಎಂದು ಬರೆದಿದ್ದರೂ ಸಮಾಧಾನ ಬೇಡ, ಬೆಲ್ಲದ ಬಹುಭಾಗ ಸುಕ್ರೋಸೇ, ಅಂದರೆ ಅಡುಗೆಮನೆಯ ಸಕ್ಕರೆಯೇ. ನುಣ್ಣಗೆ ಬೀಸಿದ ರಾಗಿ ಮಾಲ್ಟ್ ಕೂಡ ಕುದಿಸಿದಾಗ ಪಿಷ್ಟ ಅರಳಿ ಬೇಗ ಜೀರ್ಣವಾಗುತ್ತದೆ. ಮುದ್ದೆಗೆ ಇರುವ ಹೆಸರನ್ನು ಅದಕ್ಕೆ ಕೊಡಬೇಡಿ.

ಈಗ ತಕ್ಕಡಿ. ನೀವು ದಿನವೂ ಹಾಕುವ ಚಮಚದಲ್ಲೇ ಪುಡಿ ತೆಗೆದು 1 ಗ್ರಾಂ ನಿಖರತೆಯ ಅಡುಗೆ ತಕ್ಕಡಿಯಲ್ಲಿ ತೂಗಿ. ಗೋಪುರದಂತೆ ತುಂಬಿದ ಎರಡು ಚಮಚ ಡಬ್ಬಿ ಹೇಳುವ 20 ಗ್ರಾಂ ಬದಲು 30 ಗ್ರಾಂ ತೂಗಿದರೆ ಆಶ್ಚರ್ಯವಿಲ್ಲ. 100 ಗ್ರಾಂಗೆ 80 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ನಿಮ್ಮ ಲೋಟಕ್ಕೆ ಬಿದ್ದದ್ದು 24 ಗ್ರಾಂ. ನಾರಿನಂಶವನ್ನೂ ಅದರಲ್ಲೇ ಸೇರಿಸಿ ಬರೆದಿದ್ದರೆ ಅಷ್ಟನ್ನು ಕಳೆಯಿರಿ. 200 ಮಿಲಿ ಹಾಲಿನ ಸಹಜ ಸಕ್ಕರೆಯಾದ ಲ್ಯಾಕ್ಟೋಸ್ ಸುಮಾರು 10 ಗ್ರಾಂ. ಒಟ್ಟು 34. ಮೇಲೆ ಒಂದು ಚಮಚ ಸಕ್ಕರೆ ಹಾಕುವ ರೂಢಿಯಿದ್ದರೆ ಇನ್ನೊಂದು 4–5 ಗ್ರಾಂ. ನೀರಿಗೆ ಬೆರೆಸುವ ಶರಬತ್ತಿನ ಪುಡಿಯಲ್ಲಿ ಒಟ್ಟು ಕಡಿಮೆ ಬಂದರೂ, ಏರಿಕೆಯನ್ನು ನಿಧಾನಿಸಲು ಹಾಲಿನ ಕೊಬ್ಬು, ಪ್ರೋಟೀನ್ ಇರುವುದಿಲ್ಲ.

ಲೆಕ್ಕದಲ್ಲಿ ಎರಡು ಪುಡಿ ಹತ್ತಿರ ಬಂದರೆ ಗ್ಲೂಕೋಮೀಟರ್ ತೀರ್ಮಾನಿಸಲಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬೇಡಿ. ಪರೀಕ್ಷೆಗೆಂದು ಯಾರೂ ಔಷಧ ತಪ್ಪಿಸಬೇಡಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಹಿಂದಿನ ರಾತ್ರಿ ಹೆಚ್ಚುಕಮ್ಮಿ ಒಂದೇ ತರಹದ ಊಟ ಮಾಡಿದ ದಿನಗಳಲ್ಲಿ ಮಾಡಿ. ಕುಡಿಯುವ ಮೊದಲು ಒಂದು ಅಳತೆ. ಲೋಟವನ್ನು 10 ನಿಮಿಷದೊಳಗೆ ಮುಗಿಸಿ, ಮೊದಲ ಗುಟುಕಿನಿಂದ ಲೆಕ್ಕ ಹಿಡಿದು 30, 60, 90, 120ನೇ ನಿಮಿಷಕ್ಕೆ ಅಳೆಯಿರಿ. ಅಷ್ಟು ಹೊತ್ತೂ ಕೂತಿರಿ. ನಡುವೆ ವಾಕಿಂಗ್ ಹೋದರೆ ಸ್ನಾಯುಗಳು ಸಕ್ಕರೆ ಎಳೆದುಕೊಂಡು ಪುಡಿಗೆ ಸಲ್ಲದ ಶ್ರೇಯ ಸಿಗುತ್ತದೆ.

ಪ್ರತಿ ಅಳತೆಯಿಂದ ಆರಂಭದ ಸಂಖ್ಯೆ ಕಳೆಯಿರಿ. ಅದಕ್ಕಿಂತ ಕೆಳಗಿಳಿದರೆ ಸೊನ್ನೆ ಎಂದು ಬರೆಯಿರಿ. ಏರಿಕೆ ಕ್ರಮವಾಗಿ 40, 60, 35, 10 (ಮೀಟರ್ ತೋರಿಸುವ mg/dL ಲೆಕ್ಕದಲ್ಲಿ) ಬಂತು ಎನ್ನಿ. ಮೊದಲ ಮೂರನ್ನು ಕೂಡಿ, ಕೊನೆಯದರ ಅರ್ಧ ಸೇರಿಸಿ: 140. ಇದೇ ಆ ಪುಡಿಯ ಅಂಕ. ಪ್ರತಿ ಪುಡಿಯನ್ನು ಕನಿಷ್ಠ ಎರಡು ಬೇರೆ ದಿನ ಪರೀಕ್ಷಿಸಿ ಸರಾಸರಿ ತೆಗೆಯಬೇಕು, ಹಾಗಾಗಿ ಎರಡು ಪುಡಿಗೆ 20 ಸ್ಟ್ರಿಪ್. ದುಬಾರಿ ಎನಿಸಿದರೆ 0, 45, 120 ನಿಮಿಷ ಮಾತ್ರ ಸಾಕು, ಆದರೆ ಆಗ ಗರಿಷ್ಠ ಏರಿಕೆ ಕೈತಪ್ಪಬಹುದು.

ಸಣ್ಣ ವ್ಯತ್ಯಾಸವನ್ನು ನಂಬಬೇಡಿ. 2013ರ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡದಂತೆ 100ರ ಮೇಲಿನ ಅಳತೆಯಲ್ಲಿ ಮೀಟರ್ ಶೇ. 15ರಷ್ಟು ಅತ್ತಿತ್ತ ಹೋಗಬಹುದು: ಪರದೆಯಲ್ಲಿ 150 ಕಂಡರೆ ನಿಜ 130 ಅಥವಾ 170 ಇರಬಹುದು. ಅದೇ ಮೀಟರ್, ಅದೇ ಡಬ್ಬಿಯ ಸ್ಟ್ರಿಪ್ ಬಳಸಿ. ಕರಾವಳಿಯ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ, ಮುಚ್ಚಳ ತೆರೆದಿಡಬೇಡಿ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಬೆರಳಿಗೆ ಅಂಟಿದ ಪುಡಿ! ಕಣ್ಣಿಗೆ ಕಾಣದಷ್ಟಿದ್ದರೂ ಸಂಖ್ಯೆ ಜಿಗಿಯುತ್ತದೆ. ಸ್ಯಾನಿಟೈಸರ್ ಸಕ್ಕರೆಯನ್ನು ತೆಗೆಯುವುದಿಲ್ಲ, ಸೋಪು ನೀರಿನಲ್ಲಿ ತೊಳೆದು ಒರೆಸಿ. ಇನ್ನೂ ಒಳ್ಳೆಯದೆಂದರೆ, ಪುಡಿಯನ್ನು ಬೇರೆಯವರು ಬೆರೆಸಿಕೊಡಲಿ.

ಗ್ಲೂಕೋಸ್ ಪುಡಿಯನ್ನು ಈ ಪಂದ್ಯಕ್ಕೆ ಎಳೆಯಬೇಕಿಲ್ಲ, ಅದು ಗೆದ್ದೇ ಇರುತ್ತದೆ. ಆದರೆ ಮಧುಮೇಹಿಗಳ ಮನೆಯಲ್ಲಿ ಒಂದು ಪೊಟ್ಟಣ ಇರಲಿ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ 15 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಕುಡಿದು, 15 ನಿಮಿಷಕ್ಕೆ ಮತ್ತೆ ಅಳೆಯಬೇಕು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರಿಗಂತೂ ಆಗ ಸಕ್ಕರೆ ನೀರು, ಮಾಲ್ಟ್ ಪುಡಿಗಳನ್ನು ನೆಚ್ಚುವಂತಿಲ್ಲ: ಸುಕ್ರೋಸ್ ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ.