ಡ್ರಾಯರ್ ಇಲ್ಲದ ಮಂಚ, ಕಾಸರಗೋಡಿನ ಮಳೆಗೆ

"ಕೆಳಗೆ ಪೆಟ್ಟಿಗೆ ಇಲ್ಲದ ಮಂಚ ಈಗ ಯಾರಿಗೆ ಬೇಕು ಮಾರಾಯ್ರೇ" ಎಂದವರು ಬದಿಯಡ್ಕ, ಪೆರ್ಲ ಕಡೆಯ ಮರಗೆಲಸದ ಕಸುಬಿನವರೇ. ನಾನು ಮಾಡಿದ ಅದೇ ಮಂಚಗಳು ಕೆಲವು ಮಳೆಗಾಲ ದಾಟಿ ಬೂಸಲು ಹಿಡಿಯದೆ, ಕಿರುಗುಟ್ಟದೆ ನಿಂತಿವೆ. ಅಳತೆ ಕೇಳಿಕೊಂಡು ಈಗ ಅವರೇ ಬರುತ್ತಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಪೆಟ್ಟಿಗೆ ಮಂಚ ನಮ್ಮಲ್ಲಿ ಯಾಕೆ ಸೋಲುತ್ತದೆ ಎಂಬುದು ಮೊದಲು. ಇಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೈಯ ಬೆವರು ಹಾಸಿಗೆಯೊಳಗೆ ಇಳಿಯುತ್ತದೆ, ಅಡಿಯಲ್ಲಿ ಪ್ಲೈವುಡ್ ಮುಚ್ಚಳ ತಡೆಯುತ್ತದೆ. ಮುಚ್ಚಳದ ಕೆಳಗೆ ಕಂಬಳಿ, ಹಳೆ ಸೀರೆ, ಮದುವೆ ಪಾತ್ರೆ ತುಂಬಿದ್ದರಿಂದ ಅಲ್ಲೂ ಗಾಳಿ ಇಲ್ಲ. ಆಟಿಯಲ್ಲಿ (ತುಳುವರ ಜುಲೈ-ಆಗಸ್ಟ್ ತಿಂಗಳು) ಹಾಸಿಗೆ ಎತ್ತಿ ನೋಡಿದರೆ ಅಡಿಯೆಲ್ಲ ಬಿಳಿ, ಹಸಿರು ಬೂಸಲು. ಮುಚ್ಚಳಕ್ಕೆ ಒಂದಿಂಚಿನ ತೂತು ಸಾಲಾಗಿ ಕೊರೆದರೂ ಆಗಲಿಲ್ಲ. ತೂತಿನ ನೇರಕ್ಕೆ ಮಾತ್ರ ದುಂಡಗೆ ಒಣಗಿದ ಕಲೆ, ಉಳಿದದ್ದು ಹಾಗೆಯೇ. ಕುದಿನೀರಿಗೂ ಬಿಡದ ಬಿ.ಡಬ್ಲ್ಯು.ಪಿ. ಪ್ಲೈ ಹಾಕಿದರೆ ಹಲಗೆ ಉಳಿಯುತ್ತದೆ, ಹಾಸಿಗೆ ಉಳಿಯುವುದಿಲ್ಲ. ಪಾರ್ಟಿಕಲ್ ಬೋರ್ಡಿನ ಮಂಚದ ಬಗ್ಗೆ ಹೇಳುವುದೇ ಬೇಡ. ನೆಲ ಒರೆಸುವ ನೀರಿಗೇ ಅದರ ಅಂಚು ಉಬ್ಬುತ್ತದೆ, ಒಮ್ಮೆ ಬಿಚ್ಚಿ ಜೋಡಿಸಿದರೆ ಸ್ಕ್ರೂ ಕಚ್ಚುವುದಿಲ್ಲ.

ನನ್ನ ಕ್ರಮದಲ್ಲಿ ಹಾಸಿಗೆ ಮೊದಲು, ಮಂಚ ಆಮೇಲೆ. ಮಂಚದ ಚಂದ ನೋಡಿ ದುಡ್ಡು ಕೊಟ್ಟು, ಉಳಿದ ಹಣಕ್ಕೆ ಸಿಕ್ಕಿದ ಹಾಸಿಗೆ ತಂದ ಮನೆಗಳಲ್ಲಿ ಎತ್ತರ ಎಂದೂ ಸರಿಹೋಗುವುದಿಲ್ಲ. ಮಲಗುವವರನ್ನು ಮರದ ಸ್ಟೂಲಿನ ಮೇಲೆ ಕೂರಿಸಿ, ಪಾದ ನೆಲಕ್ಕೆ ಪೂರ್ತಿ ತಾಗುವಂತೆ ಇಟ್ಟು, ಮಂಡಿಯ ಹಿಂದಿನ ಮಡಿಕೆಯಿಂದ ನೆಲಕ್ಕೆ ಅಳೆಯಿರಿ. ಸಾಮಾನ್ಯವಾಗಿ ಹದಿನಾರು, ಹದಿನೇಳು ಇಂಚು ಬರುತ್ತದೆ. ಅದಕ್ಕೆ ಒಂದೂವರೆ ಇಂಚು ಸೇರಿಸಿ, ಯಾಕೆಂದರೆ ಕುಳಿತಾಗ ಹಾಸಿಗೆ ಅಷ್ಟು ಇಳಿಯುತ್ತದೆ. ಹದಿನೆಂಟು ಇಂಚು ಎಂದಿಟ್ಟುಕೊಳ್ಳಿ. ಹಾಸಿಗೆ ಆರಿಂಚಿನದ್ದಾದರೆ ಅದನ್ನು ಹೊರುವ ಅಡ್ಡಪಟ್ಟಿಯ, ಅಂದರೆ ರೀಪಿನ ಮೇಲ್ಮೈ ನೆಲದಿಂದ ಹನ್ನೆರಡು. ಪಕ್ಕದ ಪಟ್ಟಿ ಆರಿಂಚು ಅಗಲ, ಹಾಸಿಗೆ ಅದರೊಳಗೆ ಒಂದೂಕಾಲು ಇಂಚು ಮಾತ್ರ ಮುಳುಗಬೇಕು. ಹೆಚ್ಚು ಮುಳುಗಿಸಿದರೆ ನೋಡಲು ಭಾರೀ ಮಂಚ, ಆದರೆ ಕುಳಿತಾಗ ಮರದ ಅಂಚು ತೊಡೆಗೆ ಒತ್ತುತ್ತದೆ. ಈ ಲೆಕ್ಕದಲ್ಲಿ ಪಟ್ಟಿಯ ಕೆಳಗೆ ಏಳಿಂಚು ಚಿಲ್ಲರೆ ತೆರವು ಉಳಿಯುತ್ತದೆ. ಗುಡಿಸುವ ಹಿಡಿಸೂಡಿ ಹೋಗುತ್ತದೆ, ಗಾಳಿ ಆಡುತ್ತದೆ. ಮಂಡಿನೋವಿನ ಹಿರಿಯರಿಗೆ ಎರಡಿಂಚು ಏರಿಸಿ. ಕಾಲಿಗೆ ತುಂಡು ಸೇರಿಸಿ ಏರಿಸಬೇಡಿ, ಅಲ್ಲಾಡುತ್ತದೆ.

ಹಾಸಿಗೆ 78 × 60 ಆದರೆ ಒಳಅಳತೆ 79 × 61. ಚಾದರ ಸಿಕ್ಕಿಸುವ ಕೈಗೆ ಅರ್ಧ ಇಂಚು ಬೇಕೇ ಬೇಕು. ರೀಪು ಮೂರಿಂಚು ಅಗಲ, ಒಂದಿಂಚು ದಪ್ಪ. ನಡುವೆ ಎರಡರಿಂದ ಎರಡೂವರೆ ಇಂಚು ಬಿಟ್ಟರೆ ಹದಿನೈದು ರೀಪು ಸಾಕು. ಮೂರಿಂಚು ದಾಟಿ ಬಿಟ್ಟರೆ ಫೋಮ್ ಹಾಸಿಗೆ ಸಂದಿಯಲ್ಲಿ ಇಳಿದು ಬೆನ್ನಿಗೆ ಏರುಪೇರು ಗೊತ್ತಾಗುತ್ತದೆ. ನಾಲ್ಕಡಿಗಿಂತ ಅಗಲದ ಮಂಚಕ್ಕೆ ನಡುವೆ ಉದ್ದಕ್ಕೆ ಮೂರಿಂಚಿನ ಪಟ್ಟಿ, ಅದಕ್ಕೆ ಎರಡು ಕಾಲು. ಆ ಕಾಲುಗಳನ್ನು ನೆಲಕ್ಕೆ ಸರಿಯಾಗಿ ಕೂರಿಸದೆ ಒಂದು ನೂಲು (ಇಂಚಿನ ಎಂಟನೇ ಒಂದು ಪಾಲು) ಎತ್ತರದಲ್ಲಿ ನೇತುಬಿಟ್ಟರೆ ಇಡೀ ಕೆಲಸ ದಂಡ. ರೀಪನ್ನು ಮೊಳೆ ಹೊಡೆದು ಕೂರಿಸಿದ ಮಂಚ ಬೇಸಿಗೆಯಲ್ಲಿ ಮರ ಒಣಗಿದ ಕೂಡಲೇ ಕಿರುಗುಟ್ಟುತ್ತದೆ. ಹಳೆ ಸೈಕಲ್ ಟ್ಯೂಬ್ ಸೀಳಿ ರೀಪು ಕೂರುವ ಪಟ್ಟಿಯ ಮೇಲೆ ಅಂಟಿಸಿ, ಎರಡು ತುದಿಗೆ ಒಂದೊಂದು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಕಬ್ಬಿಣದ್ದು ಬೇಡ, ಕಡಲ ಗಾಳಿಗೆ ತುಕ್ಕು ಹಿಡಿದು ಸುತ್ತ ಕಪ್ಪು ಕಲೆ ಬಿಡುತ್ತದೆ.

ಮರದ ವಿಷಯದಲ್ಲಿ ಗಲ್ಫಿನಿಂದ ಬಂದವರು ನಿಲಂಬೂರು ತೇಗವನ್ನೇ ಕೇಳುತ್ತಾರೆ. ದುಡ್ಡಿದ್ದರೆ ಹಾಕಲಿ. ನನ್ನ ಮಟ್ಟಿಗೆ ಹಲಸು, ಅಥವಾ ಮಿಲ್ಲಿನಲ್ಲಿ ಆಯಿನಿ ಎಂದು ಸಿಗುವ ಹೆಬ್ಬಲಸು. ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು ಮಾತ್ರ. ಬಿಳಿ ಭಾಗ ಒಂದು ಬೆರಳಗಲ ಉಳಿದರೂ ಹುಳ ಕೊರೆದು ಹಿಟ್ಟು ಉದುರಿಸುತ್ತದೆ. ಐದಡಿ ಮಂಚಕ್ಕೆ ನಿವ್ವಳ ಐದು ಘನ ಅಡಿ, ಪೋಲು ಸೇರಿ ಏಳು. ನಾನು ಲೆಕ್ಕ ಹಾಕಿದಾಗ ಘನ ಅಡಿಗೆ ಸಾವಿರದ ನಾನೂರರ ಅಂದಾಜಿನಲ್ಲಿ ಮರಕ್ಕೆ ಹತ್ತು ಸಾವಿರ, ಕೂಲಿ ಎಂಟೊಂಬತ್ತು ಸಾವಿರ, ಪಾಲಿಷ್ ಮೂರು, ಬೋಲ್ಟು ಸ್ಕ್ರೂ ಐನೂರು ಆರುನೂರು. ಇಪ್ಪತ್ತಮೂರು ಸಾವಿರದ ಒಳಗೆ ಮುಗಿದಿತ್ತು. ಅದೇ ಅಳತೆಯ ಪ್ಲೈ ಪೆಟ್ಟಿಗೆ ಮಂಚ ಮೂವತ್ತು ದಾಟಿತ್ತು. ಹೀಗೆ ಉಳಿತಾಯವಾದ ಹಣವನ್ನು ಹಾಸಿಗೆಗೆ ಹಾಕಿಸಿದೆ: ನಾಲ್ಕಿಂಚು ರಬ್ಬರ್ ಹಾಕಿದ ತೆಂಗಿನ ನಾರು, ಮೇಲೆ ಎರಡಿಂಚು ಲೇಟೆಕ್ಸ್.

ಹಲಸು ಹೊಸದರಲ್ಲಿ ಹಳದಿ. ಅದನ್ನು ಕಂಡು ಗಿರಾಕಿ ಹೆದರಿ ಅಂದೇ ಕಡುಕಂದು ಬಣ್ಣ ಹಚ್ಚಿಸುತ್ತಾರೆ. ಬೆಳಕಿಗೆ ಮರ ತಾನೇ ಕಂದಾಗುತ್ತದೆ. ಮೇಲೆ ಬಣ್ಣವೂ ಇದ್ದರೆ ಎರಡು ವರ್ಷಕ್ಕೆ ಕೆಸರಿನ ಹಾಗೆ ಕಾಣುತ್ತದೆ. ಬಣ್ಣವಿಲ್ಲದ ಪಾಲಿಷ್ ಹಚ್ಚಿ, ಒಂದು ವರ್ಷ ಕಾಯಲು ಹೇಳಿ. ಮಳೆ ಹಿಡಿದ ದಿನ ಲ್ಯಾಕರ್ ಸ್ಪ್ರೇ ಮಾಡಬೇಡಿ, ತೇವ ಸಿಕ್ಕಿಬಿದ್ದು ಬಿಳಿ ಮಸುಕು ಏಳುತ್ತದೆ.

ನಡುವೆ ಎರಡು ಪ್ರಯೋಗ. ರೀಪಿಗೆ ಅಡಿಕೆ ಮರದ ಸಲಾಕೆ ಹಾಕಿ ನೋಡಿದೆ. ತೋಟದ್ದೇ, ಸೀಳುವ ಕೂಲಿ ಬಿಟ್ಟರೆ ಖರ್ಚಿಲ್ಲ. ಬಿಲ್ಲಿನಂತೆ ಬಾಗುವುದರಿಂದ ಮಲಗಲು ಬಹಳ ಹಿತ. ಆದರೆ ಒಳಗಿನ ಮೆತ್ತನೆ ಭಾಗಕ್ಕೆ ಬೇಗ ಹುಳ ಬಿತ್ತು. ಹೊರಗಿನ ಗಟ್ಟಿ ಭಾಗವನ್ನಷ್ಟೇ ಉಳಿಸಿ, ಹಸಿ ಇರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಮೂರಕ್ಕೆ ಎರಡರ ಪ್ರಮಾಣದಲ್ಲಿ ಕರಗಿಸಿದ ನೀರಿನಲ್ಲಿ ಮುಳುಗಿಸಿಟ್ಟದ್ದು ಈವರೆಗೆ ಚೆನ್ನಾಗಿದೆ. ಇನ್ನೊಂದು ಗೇರುಬೀಜದ ಸಿಪ್ಪೆಯ ಎಣ್ಣೆ. ಗೆದ್ದಲಿಗೆ ಒಳ್ಳೆಯದೇ, ಆದರೆ ಪಟ್ಟಿಗೆಲ್ಲ ಬಳಿದರೆ ವಾರಗಟ್ಟಲೆ ಒಣಗುವುದಿಲ್ಲ, ಕೋಣೆಯಿಡೀ ವಾಸನೆ, ಕೈಗೆ ತಾಗಿದರೆ ಬೊಕ್ಕೆ. ಕಾಲಿನ ಅಡಿಗೆ, ನೆಲ ಮುಟ್ಟುವ ಕಡೆ ಮಾತ್ರ ಹಚ್ಚಿ, ಒಣಗಿದ ಮೇಲೆ ರಬ್ಬರ್ ಬುಷ್ ಹೊಡೆಯುತ್ತೇನೆ.

ತಲೆಭಾಗದ ಹಲಗೆಯಲ್ಲೇ ಚಂದಕ್ಕೂ ಸುಖಕ್ಕೂ ಜಗಳ. ಮೆತ್ತೆ ಹಾಕಿದ ರೆಕ್ಸಿನ್ ಶೋರೂಮಿನಲ್ಲಿ ಚಂದ. ನಮ್ಮವರ ತಲೆಯ ತೆಂಗಿನೆಣ್ಣೆಗೆ ಆರು ತಿಂಗಳಲ್ಲಿ ಕಲೆ, ಸೆಕೆ ತೇವಕ್ಕೆ ಮೂರ್ನಾಲ್ಕು ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಬೆತ್ತದ ಹೆಣಿಗೆ ತೂತುಗಳಲ್ಲಿ ಬೂಸಲು ಹಿಡಿದರೆ ಒರೆಸಿ ಮುಗಿಯುವುದಿಲ್ಲ. ನೆಟ್ಟಗೆ ನಿಂತ ಮರದ ಹಲಗೆಗೆ ಒರಗಿದರೆ ಕುತ್ತಿಗೆ ನೋವು. ನಾನು ಮಾಡುವುದು ಹಾಸಿಗೆಯಿಂದ ಮೇಲೆ ಇಪ್ಪತ್ತಿಂಚು, ಆ ಎತ್ತರಕ್ಕೆ ಮೂರಿಂಚು ಹಿಂದಕ್ಕೆ ವಾಲಿದ ಚೌಕಟ್ಟು. ಚೌಕಟ್ಟಿನ ಒಳಅಂಚಿಗೆ ಕೊರೆದ ತೋಡಿನಲ್ಲಿ ಅಂಟಿಲ್ಲದೆ ಕೂತ ಹಲಗೆ. ತೋಡಿನ ಎರಡೂ ಬದಿ ಎರಡು ಮೂರು ಮಿ.ಮೀ. ಸಂದಿ ಬಿಡದಿದ್ದರೆ ಜುಲೈಯಲ್ಲಿ ಹಲಗೆ ಉಬ್ಬಿ ಚೌಕಟ್ಟಿನ ಮೂಲೆ ಬಿಚ್ಚುತ್ತದೆ. ವಾಲಿಕೆಯಿಂದ ಇನ್ನೊಂದು ಲಾಭ: ಮೇಲ್ತುದಿ ಗೋಡೆಗೆ ತಾಗಿದರೂ ಕೆಳಗೆ ಮಂಚ ಗೋಡೆಯಿಂದ ದೂರವೇ ನಿಲ್ಲುತ್ತದೆ. ಪಡುವಣ ಗೋಡೆ ಮಳೆಗೆ ನೆನೆದು ಒಸರುವ ಮನೆಗಳಲ್ಲಿ ಇದು ಮುಖ್ಯ. ಆ ವಾಲಿದ ಜೋಡಣೆ ಸಡಿಲವಾಗದಂತೆ ಕಾಲಿನೊಳಗೆ ಏನು ಇಡುತ್ತೇನೆ ಎಂಬುದು ನನ್ನ ಬಳಿಯೇ ಇರಲಿ.

ಪೆಟ್ಟಿಗೆಯ ಸಾಮಾನು ಎಲ್ಲಿಗೆ ಎಂದರೆ ಕಪಾಟಿಗೆ. ಹತ್ತಡಿ ಅಗಲದ ಕೋಣೆ 120 ಇಂಚು. ಆರಡಿ ಮಂಚ ಹೊರಅಳತೆ 75, ಕಪಾಟಿನ ಆಳ 24, ನಡುವೆ ಉಳಿಯುವುದು 21. ಬಾಗಿಲು ತೆರೆದರೆ ನಿಲ್ಲಲು ಜಾಗವಿಲ್ಲ. ಐದಡಿಯದ್ದಾದರೆ 33 ಉಳಿಯುತ್ತದೆ, ಹದಿನೆಂಟಿಂಚಿನ ಬಾಗಿಲು ಆರಾಮವಾಗಿ ತಿರುಗುತ್ತದೆ. ಮಂಚದ ಅಗಲಕ್ಕೆ ಹಟ ಹಿಡಿಯುವವರಿಗೆ ನೆಲದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿ, ಮಾತು ಬೇಕಾಗುವುದಿಲ್ಲ. ಕಪಾಟಿಗೆ ಮೂರಿಂಚು ಕಾಲು, ಹಿಂದೆ ಎರಡಿಂಚು ತೆರವು, ಮೇಲೂ ಕೆಳಗೂ ಗಾಳಿಕಂಡಿ. ಒಳಗೆ ಬಲ್ಬು ಉರಿಸಿ ಬಟ್ಟೆ ಒಣಗಿಸುವ ಹಳೆ ಉಪಾಯ ಎಲ್‌ಇಡಿ ಬಂದ ಮೇಲೆ ನಡೆಯುವುದಿಲ್ಲ, ಅದಕ್ಕೆ ಅಷ್ಟು ಬಿಸಿ ಇಲ್ಲ. ಕನ್ನಡಿಯನ್ನು ಹಲಗೆಗೆ ಒತ್ತಿ ಅಂಟಿಸದೆ ಹಿಂದೆ ಕಾಲಿಂಚು ಬಿಡಿ, ಇಲ್ಲವಾದರೆ ಅಂಚಿನಿಂದ ಕಪ್ಪು ಚುಕ್ಕೆ ಶುರು. ಪಕ್ಕದ ಮೇಜು ಹಾಸಿಗೆಗಿಂತ ಒಂದಿಂಚು ತಗ್ಗಿರಲಿ. ಡ್ರಾಯರಿಗೆ ಸುತ್ತ ಒಂದೂವರೆ ನೂಲು ಸಡಿಲ ಬಿಟ್ಟರೆ ಮಳೆಗಾಲದಲ್ಲೂ ಎಳೆದರೆ ಬರುತ್ತದೆ.